ಸೋದರಮಾವ ಮತ್ತು ಅವನ ಡೀಸೆಲ್ ಗಾಡಿ

ನನ್ನ ಸೋದರಮಾವನ ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಬೇಗ ಸವೆಯುತ್ತಿತ್ತು. ಕುರ್ಚಿಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುವಾಗಲೂ ಆ ಕಾಲು ನೆಲ ತಟ್ಟುತ್ತಲೇ ಇರುತ್ತಿತ್ತು. ಸೇಡಂನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಅವನಿಗೆ ಒಂದು ಕಡೆ ಕೂರುವುದೇ ಶಿಕ್ಷೆ. ತೊಂಬತ್ತರ ದಶಕದ ಕೊನೆಗೆ, ಕಾಲೇಜಿಗೆಂದು ನಾನು ಅವನ ಮನೆ ಸೇರಿದ ವರ್ಷವೇ, ಏಳು ಜನ ಕೂರುವ ಎತ್ತರದ ಬಿಳಿ ಡೀಸೆಲ್ ಗಾಡಿಯೊಂದನ್ನು ತಂದ. ಮಾಸ್ತರಿಗೆ ಸೈಕಲ್ ಸಾಲದೇ ಎಂದು ಓಣಿಯವರು ನಕ್ಕರು.

ಚಳಿಗಾಲದ ಬೆಳಿಗ್ಗೆ ಕೀಲಿ ತಿರುಗಿಸಿದರೆ ಮೊದಲು ಒಂದು ಹಳದಿ ದೀಪ ಹತ್ತುತ್ತಿತ್ತು. ಅದು ಆರಿದ ಮೇಲೆಯೇ ಎಂಜಿನ್ ಚಾಲೂ ಮಾಡಬೇಕು. "ಡೀಸೆಲ್ ಗಾಡಿಗಿ ಸಬರ್ ಬೇಕು" ಎನ್ನುತ್ತಿದ್ದ. ಬದುಕಿನಲ್ಲಿ ಅವನು ತಾಳ್ಮೆಯಿಂದ ಕಾದದ್ದು ಅದೊಂದಕ್ಕೇ. ಭಾನುವಾರ ಬಂತೆಂದರೆ ಅತ್ತೆ, ಅವರ ಇಬ್ಬರು ಮಕ್ಕಳು, ನಾನು, ಒಂದು ಬುತ್ತಿಗಂಟು. ಚಿಂಚೋಳಿಯ ಕಾಡಿನಂಚಿಗೆ, ಶಹಾಬಾದಿನ ನೆಂಟರ ಮನೆಗೆ, ಏನೂ ಕೆಲಸವಿಲ್ಲದೆ ವಾಡಿ ಸ್ಟೇಶನ್ನಿಗೆ ಚಹಾ ಕುಡಿಯಲು. ಹೋದಲ್ಲಿ ಅರ್ಧ ತಾಸು ಕೂರುವುದರೊಳಗೆ ಎದ್ದು ನಿಂತು ಕೀಲಿ ಆಡಿಸುತ್ತಿದ್ದ. ಅತ್ತೆಗೆ ಡೀಸೆಲ್ ವಾಸನೆ ಆಗುತ್ತಿರಲಿಲ್ಲ. ನಿಂಬೆಹಣ್ಣು ಮೂಸುತ್ತ ಹಿಂದೆ ಕೂರುತ್ತಿದ್ದಳು.

ಮುಂದಿನ ಸೀಟಿನಲ್ಲಿ ನಾನೇ ಕೂರಬೇಕೆಂದು ಅವನ ಹಟ. ಎಡಕ್ಕೆ ಏನಾದರೂ ಬಂತೇ ಎಂದು ಪದೇ ಪದೇ ಕೇಳುತ್ತಿದ್ದ. ದೊಡ್ಡ ಗಾಡಿ, ಅದಕ್ಕೇ ಕೇಳುತ್ತಾನೆ ಅಂದುಕೊಂಡು ನಾನು ಹೇಳುತ್ತಿದ್ದೆ.

ಹೀಗೇ ಎರಡು ವರ್ಷ ಕಳೆದಿತ್ತು. ಒಂದು ಮಧ್ಯಾಹ್ನ ಚಿತ್ತಾಪುರದಿಂದ ವಾಡಿಗೆ ಹೊರಟಿದ್ದೆವು. ರಾವೂರ ದಾಟುವಾಗ ನಾನು ಹಿಂದೆ ತಿರುಗಿ ಮಕ್ಕಳಿಗೆ ನೀರು ಕೊಡುತ್ತಿದ್ದೆ. ಮುಂದೆ ನೋಡಿದರೆ, ಎಡಗಡೆಯ ಕಲ್ಲುಗಣಿಯ ದಾರಿಯಿಂದ ಫರಸಿ ಕಲ್ಲು ಹೇರಿದ ಟ್ರ್ಯಾಕ್ಟರ್ ನನ್ನ ಕಿಟಕಿಯ ಹತ್ತಿರವೇ ಬಂದುಬಿಟ್ಟಿದೆ. ಮಾವ ನೆಟ್ಟಗೆ ನೋಡುತ್ತ ಗಾಡಿ ಓಡಿಸುತ್ತಲೇ ಇದ್ದಾನೆ. ನಾನು ಸ್ಟೇರಿಂಗ್ ಹಿಡಿದು ಬಲಕ್ಕೆ ತಿರುವಿಬಿಟ್ಟೆ. ಗಾಡಿ ರಸ್ತೆ ದಾಟಿ ತೊಗರಿ ಹೊಲದಲ್ಲಿ ಹೋಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ.

ಟ್ರ್ಯಾಕ್ಟರಿನವನು ಓಡಿ ಬಂದ. ಮಾವನ ಹಳೆಯ ವಿದ್ಯಾರ್ಥಿ. "ಸರ್, ಅಷ್ಟ್ ದೂರದಿಂದ ಕೈ ಮಾಡ್ಕೋತ ಬಂದೀನ್ರಿ. ನಿಮಗ ಕಾಣ್ಲಿಲ್ಲೇನ್ರಿ?"

ಮಾವ ಎಂಜಿನ್ ಬಂದ್ ಮಾಡಿದ. "ಎಡಗಣ್ಣು ಹೋಗಿ ಎರಡು ವರ್ಷ ಆತು" ಎಂದ, ಯಾರ ಮುಖವನ್ನೂ ನೋಡದೆ. "ಡಾಕ್ಟರ್ ಗಾಡಿ ಬಿಡು ಅಂದಿದ್ರು."

ಹಿಂದಿನಿಂದ ಅತ್ತೆ ಕೇಳಿದಳು: "ಗೊತ್ತಿದ್ದೂ ಮಕ್ಕಳಿಗಿ ಕೂಡಿಸ್ಕೊಂಡು ತಿರುಗ್ಯಾಡೀರಿ?"

ನನಗೂ ಮೈ ಉರಿಯಿತು. ಎರಡು ವರ್ಷ ನನ್ನ ಕಣ್ಣನ್ನು ಬಳಸಿದ್ದ, ನನಗೇ ಹೇಳದೆ. ಆ ದಿನ ಟ್ರ್ಯಾಕ್ಟರಿನವನೇ ನಮ್ಮ ಗಾಡಿಯನ್ನು ಸೇಡಂಗೆ ತಂದು ಬಿಟ್ಟ.

ಮೂರು ವಾರ ಗಾಡಿ ಅಂಗಳದಲ್ಲೇ ನಿಂತಿತು. ಅತ್ತೆ ಮಾತು ಬಿಟ್ಟಿದ್ದಳು. ಮಾವ ಪಡಸಾಲೆಯಿಂದ ಗೇಟಿಗೆ, ಗೇಟಿನಿಂದ ಪಡಸಾಲೆಗೆ ಅಡ್ಡಾಡುತ್ತಿದ್ದ. ಕೊನೆಗೆ ಒಂದು ಬೆಳಿಗ್ಗೆ ಕೀಲಿ ತಂದು ನನ್ನ ಪುಸ್ತಕದ ಮೇಲಿಟ್ಟ. "ತಪ್ಪು ನಂದೇ ಅದ. ಇನ್ನ ನಾ ಮುಟ್ಟಂಗಿಲ್ಲ. ನೀ ಕಲಿ." ಕೀಲಿ ಅವನ ಕೈ ಬಿಟ್ಟಿತಲ್ಲ ಎಂದು ಅತ್ತೆಯೂ ಒಪ್ಪಿದಳು.

ಶಾಲೆಯ ಬಯಲಿನಲ್ಲಿ ಕಲಿಸಿದ. ನನ್ನಂಥ ಹುಡುಗಿಯೊಬ್ಬಳು ಅಷ್ಟು ದೊಡ್ಡ ಗಾಡಿ ಹೊಡೆಯುವುದನ್ನು ನೋಡಲು ಜನ ಕಾಂಪೌಂಡ್ ಗೋಡೆಯ ಮೇಲೆ ಕೂರುತ್ತಿದ್ದರು. ಕ್ಲಚ್ ಬಿಡುವುದನ್ನು ಲೆಕ್ಕ ಬಿಡಿಸಿದ ಹಾಗೆ ಹಂತ ಹಂತವಾಗಿ ಹೇಳಿದ, ಒಮ್ಮೆಯೂ ಬೈಯಲಿಲ್ಲ. ಲೈಸೆನ್ಸ್ ಬಂದ ಮೇಲೆ ಭಾನುವಾರಗಳು ಮರಳಿದವು.

ಕ್ರಮೇಣ ಬಲಗಣ್ಣೂ ಮಂಜಾಯಿತು. ಪಕ್ಕದಲ್ಲಿ ಕೂತು, "ಈಗ ಏನ್ ಕಾಣಾಕತ್ತದ, ಹೇಳು" ಎನ್ನುತ್ತಿದ್ದ. ತೊಗರಿ ಹೂ ಬಿಟ್ಟಿದೆ, ಕಾಗಿಣಾ ಹೊಳೆ ಕೆಂಪಾಗಿ ಹರಿಯುತ್ತಿದೆ, ಗಿಡಗಳ ಮೇಲೆಲ್ಲ ಸಿಮೆಂಟಿನ ಧೂಳು ಕೂತಿದೆ ಎಂದು ಹೇಳುತ್ತಿದ್ದೆ. ಒಮ್ಮೆ ಬೇಸರಕ್ಕೆ ಹಳೆಯದನ್ನೇ ಹೇಳಿಬಿಟ್ಟೆ. "ಅದು ಹೋದ ವಾರದ್ದು" ಎಂದ, ಮೆಲ್ಲಗೆ. ಆಮೇಲೆ ನಾನು ನೋಡದೇ ಅವನಿಗೆ ಏನನ್ನೂ ಹೇಳಲಿಲ್ಲ. ಇವತ್ತಿಗೂ ನಾನು ದಾರಿಯನ್ನು ನೋಡುವುದು ಯಾರಿಗೋ ವರದಿ ಒಪ್ಪಿಸಬೇಕು ಎಂಬಂತೆಯೇ.

ಕೆಲವು ವರ್ಷಗಳ ಮೇಲೆ ಎದೆನೋವು ಬಂದು ಮಾವ ತೀರಿಕೊಂಡ. ಹದಿನಾಲ್ಕನೆಯ ದಿನ ನೆಂಟರೆಲ್ಲ ಹೊರಟ ಮೇಲೆ ಅತ್ತೆ ಹೊರಗೆ ಬಂದು, ಓಣಿಯವರು ನೋಡುತ್ತಿದ್ದಂತೆಯೇ ಗಾಡಿ ಹತ್ತಿ ಕೂತಳು.

"ತಗಿ. ಮನ್ಯಾಗ ಕುಂದ್ರಲಿಕ್ಕಿ ಆಗವಲ್ದು."

ಎಲ್ಲಿಗೆ ಎಂದು ಕೇಳಿದೆ.

"ಚಿಂಚೋಳಿ ತನ ಹೋಗಮ" ಎಂದಳು. "ಆಮ್ಯಾಲ ನೋಡಮ."