ಜನರೇಟರಿನ ಶ್ರುತಿ

2016ರ ಮೇ ತಿಂಗಳು, ಮೊದಲ ಗುರುವಾರ, ಬೆಳಗ್ಗೆ ಏಳು ಗಂಟೆ. ಗಂಗಾವತಿಯ ಒಂದು ಕಲ್ಯಾಣ ಮಂಟಪದ ಹಿಂದಿನ ಅಂಗಳ. ಹಾಜರಿದ್ದವರು: ಡ್ರಮ್ ಬಾರಿಸುವ ನಾನು, ನಮ್ಮ ಹಾಡುಗಾರ್ತಿ, ಕೀಬೋರ್ಡಿನವನು, ಬಾಡಿಗೆ ಜನರೇಟರಿನ ಜೊತೆ ಬಂದ ಮೆಕ್ಯಾನಿಕ್, ಮತ್ತು ಹನ್ನೆರಡು ವರ್ಷಗಳ ಮೇಲೆ ಮೇಳಕ್ಕೆ ಮರಳಿದ್ದ ಗಿಟಾರಿನವನು. ಗಿಟಾರಿನವನು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಗಿಟಾರ್ ಚೀಲದೊಳಗೇ ಇತ್ತು. ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಕಾರ್ಯಕ್ರಮ. ಅವನು ವೇದಿಕೆ ಹತ್ತುತ್ತಾನೋ ಇಲ್ಲವೋ ಎಂಬುದು ಅಷ್ಟರೊಳಗೆ ತೀರ್ಮಾನವಾಗಬೇಕಿತ್ತು.

ನಾನು ಪೊಲೀಸ್ ಬ್ಯಾಂಡಿನಲ್ಲಿದ್ದವನು. ನಸುಕಿನಲ್ಲಿ ಏಳುವುದು, ಬೂಟಿಗೆ ಬ್ರಷ್, ವಾದ್ಯಕ್ಕೆ ಬಟ್ಟೆ, ಆಮೇಲೆ ಚಹಾ. ಈ ಕ್ರಮ ನನಗೆ ಅಲ್ಲಿಂದ ಬಂತು, ಈಗಲೂ ತಪ್ಪಿಲ್ಲ. ಸ್ವಯಂ ನಿವೃತ್ತಿ ತೆಗೆದುಕೊಂಡು 1997ರಲ್ಲಿ ಕೊಪ್ಪಳದಲ್ಲಿ ಮನೆ ಮಾಡಿದೆ. ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಕಚೇರಿಗಳ ಉದ್ಘಾಟನೆ, ನೌಕರರ ಸಮಾರಂಭ ಎಂದು ಎಲ್ಲಾದರೊಂದು ಕಡೆ ಪೆಂಡಾಲು ಏಳುತ್ತಲೇ ಇತ್ತು. ಪೆಂಡಾಲು ಎದ್ದಲ್ಲಿ ಹಾಡು ಬೇಕು. ನಾಲ್ಕು ಜನ ಕೂಡಿದೆವು: ನಾನು, ಈ ಹಾಡುಗಾರ್ತಿ, ಈ ಗಿಟಾರಿನವನು, ಬೇಸ್ ಗಿಟಾರ್ ನುಡಿಸುವ ಇನ್ನೊಬ್ಬ. ಬೋರ್ಡಿನ ಮೇಲೆ ರಾಕ್ ಬ್ಯಾಂಡ್ ಎಂದು ಬರೆಸಿದವನು ಗಿಟಾರಿನವನು. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಒಬ್ಬ ಮುದುಕ ಡ್ರೈವರನಿಂದ ಕಲಿತು ಬಂದಿದ್ದ, ಕೂದಲನ್ನು ಹೆಗಲ ತನಕ ಬಿಟ್ಟಿದ್ದ. ಜನ ಬೋರ್ಡು ಓದಲಿಲ್ಲ. ಗಿಟಾರ್ ಮ್ಯಾಳ ಎಂದರು, ಅದೇ ಉಳಿಯಿತು. ತತ್ವಪದವಿರಲಿ, ಸೋಬಾನೆಯಿರಲಿ, ಸಿನಿಮಾ ಹಾಡಿರಲಿ, ನಡುವೆ ಒಂದಷ್ಟು ಹೊತ್ತು ಅವನೊಬ್ಬನೇ ತಂತಿಯನ್ನು ಕಿರುಚಿಸುತ್ತಿದ್ದ. ಹಿಂದಿನ ಸಾಲಿನಲ್ಲಿ ಮಲಗಿದ್ದ ಮಕ್ಕಳು ಎದ್ದು ಅಳುತ್ತಿದ್ದವು. ಮುಂದಿನ ಸಾಲಿನವರು ಇನ್ನೊಮ್ಮೆ ಎನ್ನುತ್ತಿದ್ದರು.

ಕರೆಂಟು ಆಗ ನೆಚ್ಚುವಂತಿರಲಿಲ್ಲ. ಎಲ್ಲಿ ಹೋದರೂ ಬಾಡಿಗೆ ಜನರೇಟರ್. ಅದು ಓಡತೊಡಗಿದ ಕೂಡಲೇ ಗಿಟಾರಿನ ಆಂಪ್ಲಿಫೈಯರಿನೊಳಗಿಂದ ಗುಂಯ್ ಎಂಬ ಸದ್ದು ಹೊರಡುತ್ತಿತ್ತು. ನೆಲಕ್ಕೆ ಇಳಿಸುವ ಅರ್ಥ್ ವೈರು ಸರಿಯಿಲ್ಲದಿದ್ದರೆ ಸದ್ದು ಜೋರು, ಮೈಕಿಗೆ ತುಟಿ ತಾಗಿದರೆ ಶಾಕ್ ಬೇರೆ. ಅದಕ್ಕಾಗಿ ವೇದಿಕೆಯ ಹಿಂದೆ ಮೊಳದಾಳದ ಗುಂಡಿ ತೋಡಿ, ಕಬ್ಬಿಣದ ಸಲಾಕೆ ನೆಟ್ಟು, ಉಪ್ಪು ಹಾಕಿ ನೀರು ಸುರಿಯುತ್ತಿದ್ದೆವು. ಶಾಕ್ ನಿಲ್ಲುತ್ತಿತ್ತು. ಸದ್ದು ಕಡಿಮೆಯಾಗುತ್ತಿತ್ತೇ ಹೊರತು ಪೂರ್ತಿ ಹೋಗುತ್ತಿರಲಿಲ್ಲ. ಹೋಗದ ಸದ್ದನ್ನು ಗಿಟಾರಿನವನು ತಂಬೂರಿ ಮಾಡಿಕೊಂಡ. ಅದಕ್ಕೇ ತಂತಿ ಬಿಗಿಯುತ್ತಿದ್ದ. ಬೇಸ್‌ನವನೂ ಅದಕ್ಕೇ ಕೂಡಿಸುತ್ತಿದ್ದ, ಹಾಡುಗಾರ್ತಿ ಅದನ್ನೇ ಶ್ರುತಿಯಾಗಿ ಹಿಡಿಯುತ್ತಿದ್ದಳು. ಸದ್ದು ಹಾಡಿನ ತಳದಲ್ಲಿ ಕೂತುಬಿಡುತ್ತಿತ್ತು. ಕೇಳುವವರಿಗೆ ಅದೊಂದು ಇದೆ ಎಂಬುದೇ ತಿಳಿಯುತ್ತಿರಲಿಲ್ಲ. ಗುಂಡಿ, ಉಪ್ಪು, ನೀರು, ಜನರೇಟರ್, ಆಂಪ್ಲಿಫೈಯರ್, ತಂತಿ: ಈ ಕ್ರಮದ ಕೆಲಸವೆಲ್ಲ ಗಿಟಾರಿನವನದು. ಎಲ್ಲರಿಗಿಂತ ಮೊದಲು ಬಂದು ಮುಗಿಸಿರುತ್ತಿದ್ದ.

2004ರಲ್ಲಿ ಅವನಿಗೆ ಮದುವೆಯಾಯಿತು. ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಮಷೀನು ನೋಡಿಕೊಳ್ಳುವ ಕೆಲಸ ಸಿಕ್ಕಿತು, ಹೋದ. ಜಗಳವೇನೂ ಆಗಲಿಲ್ಲ. ಮುಂದೆ ಬೇಸ್‌ನವನು ಬಳ್ಳಾರಿ ಸೇರಿದ. ಇಬ್ಬರ ಜಾಗಕ್ಕೆ ಸಿದ್ದಾಪುರದ ಕೀಬೋರ್ಡಿನವನು ಬಂದ. ಹಗಲು ಪಂಚಾಯಿತಿ ಕಚೇರಿಯಲ್ಲಿ ನೌಕರಿ, ಉಳಿದ ಹೊತ್ತಿನಲ್ಲಿ ನಮ್ಮಲ್ಲಿ. ಎಡಗೈಯಲ್ಲಿ ಬೇಸ್, ಬಲಗೈಯಲ್ಲಿ ಮಿಕ್ಕಿದ್ದೆಲ್ಲ. ಕೀಬೋರ್ಡಿನ ಶ್ರುತಿ ಕಂಪನಿಯಲ್ಲೇ ಕೂಡಿಸಿ ಬಂದದ್ದು. ಹಾಡುಗಾರ್ತಿ ಅದಕ್ಕೆ ಹೊಂದಿಕೊಂಡಳು. ಗಿಟಾರೇ ಇಲ್ಲದ ಮೇಲೆ ಅದರ ಆಂಪ್ಲಿಫೈಯರೂ ಇಲ್ಲ, ಗುಂಯ್ ಎನ್ನುವುದೂ ಇಲ್ಲ. ಅದಕ್ಕೆ ತಂತಿ ಕೂಡಿಸುತ್ತಿದ್ದ ರೂಢಿ ನಮ್ಮ ಮನಸ್ಸಿನಿಂದ ಹೋಗಿಬಿಟ್ಟಿತು.

2016ರ ಬೇಸಿಗೆಯಲ್ಲಿ ಯಲಬುರ್ಗಾದಿಂದ ಒಬ್ಬರು ಮನೆಯ ಸಮಾರಂಭಕ್ಕೆ ಕರೆದರು. ಹಳೆಯ ಗಿಟಾರ್ ಮ್ಯಾಳವೇ ಬೇಕು, ಉದ್ದಗೂದಲಿನವನು ಇರಲೇಬೇಕು ಎಂದರು. ಇದು ಬಾಯಿಂದ ಬಾಯಿಗೆ ಹೋಗಿ ಕುಷ್ಟಗಿಯಿಂದಲೂ ಗಂಗಾವತಿಯಿಂದಲೂ ಕರೆ ಬಂತು. ಒಂದೇ ವಾರದಲ್ಲಿ ಮೂರು ಊರು. ನಾನು ಬಸ್ಸು ಹತ್ತಿ ಗಂಗಾವತಿಗೆ ಹೋಗಿ ಮಿಲ್ಲಿನ ಗೇಟಿನಲ್ಲಿ ನಿಂತೆ. ಗಿಟಾರಿನವನು ಹುಬ್ಬಿನ ಮೇಲೆ ತೌಡಿನ ಧೂಳು ಹೊತ್ತುಕೊಂಡು ಬಂದ. ವಿಷಯ ಹೇಳಿದೆ. ನನ್ನನ್ನು ಅವನು ಕರೆಯುತ್ತಿದ್ದುದು ಹವಾಲ್ದಾರ್ರು ಎಂದೇ.

"ಬರತೇನಿ ಹವಾಲ್ದಾರ್ರ," ಎಂದ. "ಆದ್ರ ಕೂದ್ಲದ್ದು ನನ್ನ ಕೈಯಾಗ ಇಲ್ರಿ." ಟೊಪ್ಪಿಗೆ ತೆಗೆದು ಬೋಳುತಲೆ ತೋರಿಸಿದ.

ಕೊನೆಯ ಕಾರ್ಯಕ್ರಮ ಗಂಗಾವತಿಯಲ್ಲೇ ಎಂದಾಗ ಟೊಪ್ಪಿಗೆಯನ್ನು ಮತ್ತೆ ತಲೆಗೆ ಇಟ್ಟುಕೊಂಡ. ಆಮೇಲೆ, ತನ್ನನ್ನು ಹೆಂಡತಿ ಒಮ್ಮೆಯೂ ವೇದಿಕೆಯ ಮೇಲೆ ನೋಡಿಲ್ಲ ಎಂದು ಹೇಳಿದ. ಮದುವೆಯ ವರ್ಷವೇ ಮೇಳ ಬಿಟ್ಟಿದ್ದನಲ್ಲ. ಗಿಟಾರಿನ ಸುದ್ದಿ ತೆಗೆದರೆ ಅವಳು ನಗುತ್ತಾಳಂತೆ. ಮಿಲ್ಲಿನ ಸದ್ದಿಗೆ ಬಲಗಿವಿ ಮಂದವಾಗಿದೆ ಎಂಬುದನ್ನೂ ಅಲ್ಲೇ ಹೇಳಿದ. ಎಡಗಿವಿ ಹೇಗಿದೆ ಎಂದು ಕೇಳಿದೆ. ಪರವಾಗಿಲ್ಲ ಎಂದ.

ಕೊಪ್ಪಳದಲ್ಲಿ ನನ್ನ ಮನೆಯಲ್ಲಿ ತಾಲೀಮು ಮಾಡಿದೆವು. ಅವನು ಬರುವಷ್ಟರಲ್ಲಿ ಕೀಬೋರ್ಡು ನುಡಿಯುತ್ತಿತ್ತು. ಅದನ್ನು ಕೇಳಿ ತಂತಿ ಕೂಡಿಸಿದ. ಬೆರಳು ಬಿಗಿದಿದ್ದವು, ಸ್ವರ ಮಾತ್ರ ಸರಿಯಾಗಿತ್ತು.

ಯಲಬುರ್ಗಾದಲ್ಲಿ ಕೆಟ್ಟಿತು. ಗಿಟಾರಿನ ಶ್ರುತಿ ಕೀಬೋರ್ಡಿಗಿಂತ ಒಂದು ಎಳೆಯಷ್ಟು ಕೆಳಗಿತ್ತು. ಹಾಡುಗಾರ್ತಿ ಒಂದು ಸಾಲನ್ನು ಕೀಬೋರ್ಡಿನ ಜೊತೆ, ಇನ್ನೊಂದನ್ನು ಗಿಟಾರಿನ ಜೊತೆ ಹಾಡಿ ಮುಗಿಸಿದಳು. ಈ ಸಲ ಜನ ಇನ್ನೊಮ್ಮೆ ಎನ್ನಲಿಲ್ಲ. ಮರುದಿನ ಕುಷ್ಟಗಿ. ಅಲ್ಲಿ ಗಿಟಾರಿನ ಶ್ರುತಿ ಒಂದು ಎಳೆ ಮೇಲಿತ್ತು. ಕಾರ್ಯಕ್ರಮ ಮುಗಿಸಿ ಬಸ್ ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಊಟಕ್ಕೆ ಕೂತಾಗ ಕೀಬೋರ್ಡಿನವನು ರೊಟ್ಟಿ ಮುರಿಯುತ್ತಾ ಹೇಳಿದ:

"ನಿನ್ನಿ ಕೆಳಗ, ಇವತ್ತ ಮ್ಯಾಲ. ಮಿಲ್ಲಿನ್ಯಾಗ ಅಕ್ಕಿ ಜೋಡಿ ಕಿವಿನೂ ಪಾಲಿಶ್ ಮಾಡಿಸ್ಯಾನ."

ಮೊದಲು ನಕ್ಕವನು ಗಿಟಾರಿನವನೇ. ಆದರೆ ತಟ್ಟೆಯಲ್ಲಿದ್ದುದನ್ನು ತಿನ್ನಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತ.

"ಅಂವ ಖರೇನ ಹೇಳ್ಯಾನ್ರಿ. ನನ್ನ ಕಿವಿ ಹೋಗ್ಯಾವ. ಗಂಗಾವತ್ಯಾಗ ನೀವ ಬಾರಿಸ್ರಿ, ನಾ ಹೆಂಡ್ತಿ ಬಾಜೂಕ ಕುಂತು ಕೇಳತೇನಿ."

ಹೆಂಡತಿಗೂ ಮಿಲ್ಲಿನವರಿಗೂ ಆಗಲೇ ಬರಲು ಹೇಳಿಯಾಗಿತ್ತು. ಗುರುವಾರ ಬೆಳಗ್ಗೆ ಏಳಕ್ಕೆ ಗಿಟಾರ್ ಸಮೇತ ಮಂಟಪದ ಹಿಂದೆ ಹಾಜರಿರಬೇಕು, ಉಳಿದದ್ದು ಅಲ್ಲಿ ನೋಡೋಣ ಎಂದೆ. ಬಂದ. ಗುಂಡಿ ತೋಡಿ, ನೀರು ಹಾಕಿ, ಗೋಡೆಗೆ ಒರಗಿ ಕೂತ. ಹೀಗೆ ನಾವು ಆ ಬೆಳಗಿಗೆ ಬಂದಿದ್ದೆವು.

ನನಗೆ ಒಂದು ವಿಷಯ ಹೊಂದುತ್ತಿರಲಿಲ್ಲ. ಕಿವಿ ಕೆಟ್ಟಿದ್ದರೆ ಎಲ್ಲ ಕಡೆ ಕೆಡಬೇಕು. ಕೊಪ್ಪಳದಲ್ಲಿ ಸರಿ, ಯಲಬುರ್ಗಾದಲ್ಲಿ ಕೆಳಗೆ, ಕುಷ್ಟಗಿಯಲ್ಲಿ ಮೇಲೆ ಎಂದರೇನು? ನಮ್ಮ ಬ್ಯಾಂಡಿನಲ್ಲಿ ತಪ್ಪಾದಾಗ ಏಕೆ ತಪ್ಪಿತು ಎಂದು ಯಾರೂ ಕೇಳುತ್ತಿರಲಿಲ್ಲ. ಮಾಡಿದ್ದನ್ನು ಮಾಡಿದ ಕ್ರಮದಲ್ಲಿ ಹೇಳಿಸುತ್ತಿದ್ದರು. ನಾನೂ ಹಾಗೇ ಕೇಳಿದೆ. ಹವಾಲ್ದಾರ್ರ ಪರೇಡ್ ಶುರುವಾಯಿತೆಂದು ಕೀಬೋರ್ಡಿನವನು ಗೊಣಗಿದ. ಗಿಟಾರಿನವನು ಪಾಠ ಒಪ್ಪಿಸಿದಂತೆ ಒಪ್ಪಿಸಿದ: ಗುಂಡಿ, ಉಪ್ಪು, ನೀರು, ಜನರೇಟರ್, ಆಂಪ್ಲಿಫೈಯರ್, ತಂತಿ.

"ಕೀಬೋರ್ಡಿನ ಸ್ವರ ಯಾವಾಗ ಕೇಳತಿ?" ಎಂದೆ.

"ಅದನ್ಯಾಕ ಕೇಳ್ಬೇಕ್ರಿ? ಗುಂಯ್ ಅನ್ನೂದು ಐತಲ್ರಿ."

ಚಹಾ ಕುಡಿಯುತ್ತಿದ್ದ ಹಾಡುಗಾರ್ತಿ ಕಪ್ಪು ಕೆಳಗಿಟ್ಟಳು. ಅವಳಿಗೂ ನನಗೂ ಒಟ್ಟಿಗೇ ನೆನಪಾಯಿತು. ಊರೂರಿನ ಜನರೇಟರ್ ಒಂದೇ ಮಟ್ಟದಲ್ಲಿ ಓಡುವುದಿಲ್ಲ. ಯಲಬುರ್ಗಾದ್ದು ನಿಧಾನ, ಕುಷ್ಟಗಿಯದ್ದು ಜೋರು, ಕೊಪ್ಪಳದ ಮನೆಯಲ್ಲಿ ಜನರೇಟರೇ ಇರಲಿಲ್ಲ. ಮೊದಲು ನಾವೆಲ್ಲರೂ ಅದರ ಜೊತೆ ಏರಿಳಿಯುತ್ತಿದ್ದೆವು, ಆದ್ದರಿಂದ ಕೆಡುತ್ತಿರಲಿಲ್ಲ. ಈಗ ಅವನೊಬ್ಬನೇ ಏರಿಳಿದಿದ್ದ, ಅದೂ ಚಾಚೂ ತಪ್ಪದೆ. ಕೀಬೋರ್ಡಿನವನಿಗೆ ಈ ಹಳೆಯ ರೂಢಿ ಗೊತ್ತೇ ಇರಲಿಲ್ಲ. ಹಾಡುಗಾರ್ತಿ ವಿವರಿಸಿ ಹೇಳಿದಳು. ಅವನು ಪೂರ್ತಿ ಕೇಳಿ, "ಅಂದ್ರ ಇಂವ ಎರಡ ದಿನ ನಮ್ಮನ್ನ ಬಿಟ್ಟು ಜನರೇಟರಿನ ಜೋಡಿ ಕಚೇರಿ ಮಾಡ್ಯಾನ," ಎಂದ. ತನ್ನ ಗಾಡಿ ಭಾಳ ಛಲೋ ಹಾಡುತ್ತದೆ ಎಂದು ಮೆಕ್ಯಾನಿಕ್ ನಡುವೆ ಬಾಯಿ ಹಾಕಿದ.

ನಾನು ಕ್ರಮ ಬದಲಿಸಿದೆ. ಜನರೇಟರ್ ಆಫ್ ಇರಲಿ, ಕೀಬೋರ್ಡಿಗೆ ಬ್ಯಾಟರಿ ಹಾಕಿ ಮೊದಲು ಶ್ರುತಿ ಕೂಡಿಸಿ, ಆಮೇಲೆ ಜನರೇಟರ್ ಹಚ್ಚಿ ಎಂದೆ. ಹಾಗೇ ಮಾಡಿದರು. ತಂತಿ ಕೀಬೋರ್ಡಿಗೆ ಸರಿಯಾಗಿ ಕೂತಿತು. ಕೆಲಸ ಮುಗಿಯಿತೆಂದುಕೊಂಡೆ.

ಮುಗಿದಿರಲಿಲ್ಲ. ಜನರೇಟರ್ ಶುರುವಾಗಿ ಆಂಪ್ಲಿಫೈಯರ್ ಗುಂಯ್ ಎನ್ನತೊಡಗಿದ ಕೂಡಲೇ ಅವನ ಎಡಗೈ ತನ್ನಷ್ಟಕ್ಕೇ ತಂತಿ ಬಿಗಿಯುವ ಬಿರಡೆಯ ಕಡೆ ಹೋಯಿತು. ತಡೆದುಕೊಂಡ. ಎರಡು ಸಾಲು ನುಡಿಸಿ ನಿಲ್ಲಿಸಿದ.

"ತಳದಾಗ ಯಾರೋ ಬ್ಯಾರೆ ಹಾಡಾಕತ್ತಾರ್ರಿ. ನನಗ ಅದ ಕೇಳತೈತಿ, ಕೀಬೋರ್ಡ್ ಕೇಳವಲ್ದು."

ಮಿಲ್ಲು ಅವನ ಕಿವಿಯಿಂದ ಸಣ್ಣ ಸದ್ದುಗಳನ್ನು ಒಯ್ದಿತ್ತು, ದಪ್ಪ ಸದ್ದನ್ನು ಬಿಟ್ಟಿತ್ತು. ಇದನ್ನು ನನ್ನ ಕ್ರಮ ಸರಿಪಡಿಸುವಂತಿರಲಿಲ್ಲ. ಅವನು ಗಿಟಾರನ್ನು ಚೀಲಕ್ಕೆ ಸೇರಿಸಿ ಜಿಪ್ ಎಳೆಯತೊಡಗಿದ. ಒಳಗೆ ಮಂಟಪದಲ್ಲಿ ಅಕ್ಷತೆಯ ಗದ್ದಲ ಕೇಳುತ್ತಿತ್ತು.

ಕೀಬೋರ್ಡಿನವನು ಅಷ್ಟು ಹೊತ್ತೂ ಬಗ್ಗಿ ಬಟನ್ನುಗಳನ್ನು ಒತ್ತುತ್ತಿದ್ದ. ತಲೆಯೆತ್ತದೆ, "ಚೀಲ ತೆಗಿ," ಎಂದ. "ಇದಕ್ಕೂ ಒಂದು ಬಿರಡಿ ಐತಿ. ನಾ ಒಮ್ಮೆನೂ ಮುಟ್ಟಿಲ್ಲ. ನಿನ್ನ ತಂತಿ ಆ ಗುಂಯ್‌ಗ ಹಚ್ಚು, ಹಳೀ ರೀತಿಲೆ."

ಗಿಟಾರಿನವನು ನನ್ನ ಮುಖ ನೋಡಿದ. ಹಚ್ಚು ಎಂದೆ. ಗಿಟಾರನ್ನು ಹೊರತೆಗೆದು, ಅದರ ಕುತ್ತಿಗೆಯನ್ನು ಎಡ ದವಡೆಗೆ ಒತ್ತಿ ಹಿಡಿದು ಕೂಡಿಸಿದ. ತಡವಾಗಲಿಲ್ಲ. ಕೀಬೋರ್ಡಿನವನು ಒಂದೇ ಮನೆಯನ್ನು ಒತ್ತಿ ಹಿಡಿದು ಸ್ವರವನ್ನು ಎಳೆ ಎಳೆಯಾಗಿ ಏರಿಸತೊಡಗಿದ.

"ಇನ್ನೂ ಮ್ಯಾಲೇನು?"

"ಇನ್ನೊಂಚೂರು."

"ಈಗ?"

ಗಿಟಾರಿನವನು ಪಕ್ಕಕ್ಕೆ ಬಗ್ಗಿದ. ಕೀಬೋರ್ಡಿನ ಸ್ಪೀಕರಿನ ಮೇಲೆ ಅಂಗೈ ಇಟ್ಟ. ಅದರ ಅದುರು ಗಿಟಾರಿಗೆ ಕೂಡಿದ್ದು ಕೈಗೆ ತಿಳಿದ ಮೇಲೆ, "ಅಲ್ಲೇ ಬಿಡು," ಎಂದ. ಹಾಡುಗಾರ್ತಿ ಬಾಯಿ ಮುಚ್ಚಿಕೊಂಡೇ ಷಡ್ಜ ಹಿಡಿದಳು. ಗಿಟಾರು, ಕೀಬೋರ್ಡು, ಅವಳ ದನಿ, ಜನರೇಟರು ನಾಲ್ಕೂ ಒಂದೇ ಕಡೆ ಬಂದು ನಿಂತವು. ಗುಂಯ್ ಕೇಳಿಸದಂತಾಯಿತು.

ಇನ್ನುಳಿದದ್ದು ಬಂದೋಬಸ್ತು. ಜನರೇಟರಿನ ಮೇಲೆ ಬೇರೆ ಭಾರ ಬಿದ್ದರೆ ಅದರ ದನಿ ಕುಸಿಯುತ್ತದೆ. ಅಡುಗೆಮನೆಗೆ ಈ ಲೈನು ಕೊಡಬೇಡಿ ಎಂದು ಮಂಟಪದ ವ್ಯವಸ್ಥಾಪಕರನ್ನು ಕೇಳಿದೆ. ಮದುವೆ ಇರುವುದು ಊಟಕ್ಕೋ ಗಿಟಾರಿಗೋ ಎಂದು ಅವರು ಕೇಳಿದರು. ಅದೂ ಸರಿಯೇ. ಮೆಕ್ಯಾನಿಕ್‌ನನ್ನು ಜನರೇಟರಿನ ಪಕ್ಕ ಸ್ಟೂಲ್ ಹಾಕಿ ಕೂರಿಸಿದೆ. ಅಲ್ಲಿಂದ ಅವನಿಗೆ ಗಿಟಾರಿನವನ ಮುಖ ಕಾಣಬೇಕು, ಅವನು ಗದ್ದ ಎತ್ತಿದರೆ ಆಕ್ಸಿಲರೇಟರ್ ಏರಿಸಬೇಕು, ಇಳಿಸಿದರೆ ಇಳಿಸಬೇಕು. ಮೆಕ್ಯಾನಿಕ್ ಇದನ್ನು ಗಂಭೀರವಾಗಿ ತೆಗೆದುಕೊಂಡ. ಮುಖ ತೊಳೆದು, ಅಂಗಿ ಬದಲಿಸಿ ಬಂದು ಕೂತ.

ಊಟದ ಮೊದಲ ಪಂಕ್ತಿ ಎದ್ದ ಮೇಲೆ ಶುರು ಮಾಡಿದೆವು. ಮೂರನೆಯ ಸಾಲಿನಲ್ಲಿ ಗಿಟಾರಿನವನ ಹೆಂಡತಿ, ಅವಳ ಹಿಂದೆ ಮಿಲ್ಲಿನವರು ಒಂದು ಗುಂಪು. ಮೊದಲ ಎರಡು ಹಾಡುಗಳಲ್ಲಿ ಅವನು ತಲೆ ಎತ್ತಲಿಲ್ಲ. ಮೂರನೆಯದರ ನಡುವೆ ಅಡುಗೆಮನೆಯಲ್ಲಿ ರುಬ್ಬುವ ಮಷೀನು ಹಚ್ಚಿದರು. ಜನರೇಟರ್ ಬಗ್ಗಿತು, ಹಾಡಿನ ತಳ ಜಾರಿತು. ಗಿಟಾರಿನವನು ಗದ್ದ ಎತ್ತಿದ. ಸ್ಟೂಲಿನ ಮೇಲಿದ್ದವನ ಕೈ ಆಡಿತು, ತಳ ಮತ್ತೆ ಮೇಲೆ ಬಂತು. ಆಗಲೇ ಗಿಟಾರಿನವನು ಒಂದು ಹೆಜ್ಜೆ ಮುಂದೆ ಬಂದು ಒಬ್ಬನೇ ನುಡಿಸತೊಡಗಿದ್ದು. ಬೆರಳು ಹಿಂದಿನಷ್ಟು ಓಡಲಿಲ್ಲ. ಓಡದ ಕಡೆ ಸ್ವರವನ್ನು ಎಳೆದು ನಿಲ್ಲಿಸಿದ. ಮಿಲ್ಲಿನವರು ಎದ್ದು ನಿಂತರು. ಇನ್ನೊಮ್ಮೆ ಎಂದವರು ಅವರೇ. ಹೆಂಡತಿ ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡು, ಕಣ್ಣು ಕದಲಿಸದೆ ಕೊನೆಯ ತನಕ ಕೂತಿದ್ದಳು.

ಮುಗಿದ ಮೇಲೆ ಅವಳು ವೇದಿಕೆಯ ಹಿಂದೆ ಬಂದಳು. ಗಂಡನನ್ನು ದಾಟಿ ನನ್ನ ಹತ್ತಿರ ಬಂದು ಹೇಳಿದಳು:

"ಇಷ್ಟ್ ಜೋರ್ ಬಾರಸ್ತಿದ್ರ ಇವರ ಕಿವಿ ಮಿಲ್ಲಿನ್ಯಾಗ ಹೋಗಿದ್ದಲ್ಲ ಬಿಡ್ರಿ. ನಿಮ್ಮ ಕಡೆನ ಹೋಗ್ಯಾವ."

ಗಿಟಾರಿನವನು ಚೀಲದ ಜಿಪ್ ಎಳೆದು ಗಿಟಾರನ್ನು ಅವಳ ಕೈಗೆ ಕೊಟ್ಟ. ಅವಳು ಅದನ್ನು ಮಗುವನ್ನಲ್ಲ, ಅಕ್ಕಿ ಚೀಲವನ್ನು ಹಿಡಿದಂತೆ ತಬ್ಬಿ ಹಿಡಿದು ನಿಂತಳು. ಕೀಬೋರ್ಡಿನವನು ಸ್ವರವನ್ನು ಮತ್ತೆ ಕಂಪನಿಯ ಮಟ್ಟಕ್ಕೆ ಇಳಿಸಿದ. ಮುಂದಿನ ಊರಿನಲ್ಲಿ ಆ ಊರಿನ ಜನರೇಟರನ್ನು ಕೇಳಿ ಕೂಡಿಸಬಹುದು, ಗಿಟಾರಿನವನು ಒಂದು ತಾಸು ಮೊದಲು ಬರಲಿ, ತಾನೂ ಬರುತ್ತೇನೆ ಎಂದು ನನಗೆ ತಿಳಿಸಿದ.

ಮೆಕ್ಯಾನಿಕ್ ಜನರೇಟರ್ ಬಂದ್ ಮಾಡಿದ. ನಾನು ಅರ್ಥ್ ವೈರನ್ನು ಬಿಚ್ಚಿ ಸುರುಳಿ ಸುತ್ತಿದೆ. ಗಿಟಾರಿನವನು ಸಲಾಕೆ ಕಿತ್ತು, ಒದ್ದೆ ಮಣ್ಣನ್ನು ಕಾಲಿನಿಂದ ಗುಂಡಿಗೆ ತಳ್ಳಿ ತುಳಿದು ಸಮ ಮಾಡಿದ. ನಾನು ಸಲಾಕೆಯನ್ನು ಬಟ್ಟೆಯಿಂದ ಒರೆಸಿ ಗೋಣಿಯಲ್ಲಿ ಸುತ್ತಿದೆ. ನೀರಿಗೆ ತಂದಿದ್ದ ಬಕೆಟ್ಟನ್ನು ಅಡುಗೆಮನೆಗೆ ಹಿಂದಿರುಗಿಸಿ ಬಂದೆ.