ಒಪ್ಪಿದವರು ಕೂತಿರಿ

೧೯೪೮ನೇ ಇಸವಿ. ನಾನಾಗ ದಂಡಿನಲ್ಲಿ, ಎಂದರೆ ಕಂಟೋನ್ಮೆಂಟಿನಲ್ಲಿ, ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಆಯಾ. ಆಯಾ ಎಂದರೆ ಮಕ್ಕಳ ಮೂಗು ಒರೆಸುವುದರಿಂದ ಹಿಡಿದು ಜಗಲಿ ಗುಡಿಸಿ, ನೀರು ತುಂಬಿ, ಜವಾನ ಬರದ ದಿನ ಗಂಟೆಯನ್ನೂ ಹೊಡೆಯುವ ಹೆಂಗಸು. ಹಲಸೂರಿನ ಮನೆಯಲ್ಲಿ ದೀಪ ಹಚ್ಚಿ ಹೊರಟರೆ, ಸಂಜೆ ಬರುವಷ್ಟರಲ್ಲಿ ಕಾಲು ನನ್ನದೋ ಬೇರೆಯವರದೋ ತಿಳಿಯುತ್ತಿರಲಿಲ್ಲ. ಕೆಲಸವೊಂದು ಇದೆಯಲ್ಲ, ಸೋಮೇಶ್ವರನ ದಯೆ ಎಂದುಕೊಳ್ಳುತ್ತಿದ್ದೆ.

ದಂಡಿನ ಶಾಲೆಗಳ ಆಯಾಗಳು, ಜವಾನರು, ನೀರಿನವರು ಸೇರಿ ಆಗಷ್ಟೇ ಒಂದು ಸಂಘ ಕಟ್ಟಿದ್ದರು. ಅದರ ಮುಖಂಡರು ಕರೆದ ಸಮ್ಮೇಳನ ಒಂದು ಭಾನುವಾರ ನಡೆಯಿತು. ಈಗ ಶಿವಾಜಿನಗರ ಎನ್ನುತ್ತೇವೆ, ಆಗ ಬ್ಲಾಕ್‌ಪಲ್ಲಿ. ಅಲ್ಲಿನ ಒಂದು ಛತ್ರದಲ್ಲಿ. ಶಾಲೆಗೆ ಇಬ್ಬರಂತೆ ಬರಬೇಕು ಎಂದಿದ್ದರು. ನಮ್ಮ ಶಾಲೆಯಿಂದ ನಾನು ಮತ್ತು ನನ್ನ ಜೊತೆಯ ಆಯಾ ಕನ್ನಿಯಮ್ಮ.

ಕನ್ನಿಯಮ್ಮನಿಗೆ ಆಗ ಏಳು ತಿಂಗಳು. ಶಾಲೆಯಲ್ಲಿ ನನಗೊಬ್ಬಳಿಗೇ ಗೊತ್ತು. ಹೆರಿಗೆಗೆ ಹೋದ ಆಯಾಳ ಜಾಗಕ್ಕೆ ಮಾರನೆಯ ದಿನವೇ ಬೇರೆಯವಳು ಬರುವುದು ನಮ್ಮಲ್ಲಿನ ಪದ್ಧತಿ. ಹೋದವಳನ್ನು ಮತ್ತೆ ಕರೆದದ್ದಿಲ್ಲ. ಕನ್ನಿಯಮ್ಮನ ಗಂಡ ಕೆಮ್ಮು ಹಿಡಿದು ಮಲಗಿದ್ದ. ಸೆರಗನ್ನು ಮೈತುಂಬ ಹೊದ್ದು ದಿನ ತಳ್ಳುತ್ತಿದ್ದಳು.

"ಶಾಲೆಗಿಬ್ರೇ ಅಂದವ್ರೆ, ನಾವ್ ಮೂರು ಜನ ಹೋಗ್ತಿದ್ದೀವಲ್ಲಕ್ಕಾ," ಎಂದು ದಾರಿಯಲ್ಲಿ ನಕ್ಕಳು.

"ಬಾಯ್ಮುಚ್ಕೊಂಡು ನಡಿಯೇ, ಯಾರಾದ್ರೂ ಕೇಳಿಸ್ಕೊಂಡಾರು," ಎಂದೆ.

ಛತ್ರದಲ್ಲಿ ಜಮಖಾನ ಹಾಸಿದ್ದರು. ಹಗಲುಹೊತ್ತು ಕೂರಲು ಸಿಕ್ಕಿದ್ದೇ ನಮಗೆ ಹಬ್ಬ. ಭಾಷಣಗಳು ತಮಿಳಿನಲ್ಲಿ ಒಂದಿಷ್ಟು, ಇಂಗ್ಲಿಷಿನಲ್ಲಿ ಒಂದಿಷ್ಟು. ನಾನು ಕೂತಲ್ಲೇ ತೂಕಡಿಸಿದೆ. ಮಧ್ಯಾಹ್ನದ ಮೇಲೆ ಠರಾವುಗಳು ಬಂದವು. ಠರಾವು ಎಂದರೆ ಸಂಘದವರೆಲ್ಲ ಓಟು ಹಾಕಿ ಒಪ್ಪುವ ಬೇಡಿಕೆ. ಹೆರಿಗೆಗೆ ಹೋದವಳ ಕೆಲಸ ಅವಳಿಗೇ ಉಳಿಯಬೇಕು ಎಂಬುದೂ ಒಂದು. ಅದನ್ನು ಓದಿದಾಗ ಕನ್ನಿಯಮ್ಮ ನನ್ನ ಕೈ ಹಿಡಿದುಕೊಂಡಳು.

ಅಧ್ಯಕ್ಷರು ಒಬ್ಬ ಲಾಯರು, ಒಳ್ಳೆಯ ಮನುಷ್ಯ. ಮಂಡಿನೋವಿನವರೇ ಹೆಚ್ಚೆಂದು ನಮ್ಮನ್ನು ಏಳಿಸಬಾರದೆಂದುಕೊಂಡರು. "ಒಪ್ಪಿದೋರು ಕೂತೇ ಇರಿ. ಬೇಡ ಅನ್ನೋರು ಮಾತ್ರ ಎದ್ದು ನಿಲ್ಲಿ," ಎಂದರು.

ಅದೇ ಹೊತ್ತಿಗೆ ಬಾಗಿಲಲ್ಲಿ ನಮ್ಮ ಶಾಲೆಯ ಹೆಡ್‌ಮಿಸ್ಟ್ರೆಸ್ ಕಾಣಿಸಿಕೊಂಡರು. ನಾವು ಮಿಸ್ಸಮ್ಮ ಎನ್ನುತ್ತಿದ್ದೆವು. ಎರಡು ಒಳ್ಳೆಯ ಮಾತು ಹೇಳಲಿ ಎಂದು ಸಂಘದವರೇ ಕರೆದಿದ್ದರಂತೆ. ಅವರನ್ನು ಕಂಡದ್ದೇ ತಡ, ಇಡೀ ಛತ್ರ ದಡಬಡ ಎದ್ದು ನಿಂತಿತು. ನಾನೂ ಎದ್ದೆ. ದೊಡ್ಡವರು ಬಂದರೆ ಏಳುವ ಕಾಲುಗಳು ನಮ್ಮವು, ನಮ್ಮನ್ನು ಕೇಳಿ ಏಳುವುದಿಲ್ಲ.

ಲಾಯರು ಕನ್ನಡಕ ತೆಗೆದು ನೋಡಿದರು. "ಠರಾವು ಬಿತ್ತಲ್ರಪ್ಪಾ! ಒಪ್ಪಿದೋರು ಒಬ್ರೇ ಒಬ್ರು."

"ನಾವೆದ್ದಿದ್ದು ಮಿಸ್ಸಮ್ಮಂಗೆ ಸಾಮಿ, ಠರಾವಿಗಲ್ಲ!" ಎಂದು ಹಿಂದಿನಿಂದ ಯಾವನೋ ಜವಾನ ಕೂಗಿದ. ನಗು ಎದ್ದಿತು. ಎಲ್ಲರ ಕಣ್ಣೂ ಜಮಖಾನದ ಮೇಲೆ ಉಳಿದಿದ್ದ ಒಬ್ಬಳ ಕಡೆಗೆ ತಿರುಗಿತು. ಮಿಸ್ಸಮ್ಮನವರದೂ.

"ನೀನ್ಯಾಕಮ್ಮಾ ಏಳ್ಲಿಲ್ಲ?" ಎಂದು ಲಾಯರು ಕೇಳಿದರು.

ಕಾಲು ಜೋಮು ಹಿಡಿದಿದೆ ಎಂದಿದ್ದರೆ ಮುಗಿಯುತ್ತಿತ್ತು. ಕನ್ನಿಯಮ್ಮ ಸೆರಗು ಸರಿಸಿದಳು. "ಏಳಕ್ಕಾಗಲ್ಲ ಸಾರ್. ಏಳು ತಿಂಗ್ಳು. ಮಿಸ್ಸಮ್ಮ, ಇವತ್ತು ನಿಮ್ಗೂ ಗೊತ್ತಾಗೋಯ್ತು. ಆ ಠರಾವು ನಂದೇ."

ನಗು ನಿಂತಿತು. "ಇನ್ನೊಂದ್ಸಲ ಕೇಳಿ ಸಾರ್, ನಾವು ಕೂತ್ಕೋತೀವಿ," ಎಂದು ಹೇಳಿ ಅವಳ ಪಕ್ಕ ಕುಳಿತೆ. ಒಬ್ಬೊಬ್ಬರಾಗಿ ಎಲ್ಲರೂ ಕುಳಿತರು. ಲಾಯರು ಮತ್ತೆ ಠರಾವು ಓದಿದರು. ಅಷ್ಟು ಹೊತ್ತೂ ಮಿಸ್ಸಮ್ಮ ನಿಂತೇ ಇದ್ದರು, ನಾವು ಕೂತೇ ಇದ್ದೆವು. ಏಳಹೊರಟ ಕಾಲನ್ನು ನಾನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡೆ. ಒಬ್ಬರೂ ಏಳಲಿಲ್ಲ.

ಸೋಮವಾರ ಮಿಸ್ಸಮ್ಮ ನಮ್ಮಿಬ್ಬರನ್ನೂ ಕರೆದರು. "ಠರಾವು ನಿಮ್ದು, ಶಾಲೆ ನಂದು. ಇವಳು ಹೋದ್ಮೇಲೆ ಕೆಲಸ ಯಾರು ಮಾಡ್ತಾರೆ?"

"ನಾವ್ ಉಳಿದೋರು ಹಂಚ್ಕೋತೀವಿ ಮಿಸ್ಸಮ್ಮ. ಹೊಸಬ್ರು ಬೇಡ," ಎಂದೆ.

ಮಿಸ್ಸಮ್ಮ ಹೊಸಬಳನ್ನು ಕರೆಸಲಿಲ್ಲ. ಕನ್ನಿಯಮ್ಮನ ಪಾಲಿನ ಜಗಲಿಯನ್ನೂ ನಾವೇ ಗುಡಿಸಿದೆವು. ನನ್ನ ಸೊಂಟ ಹಿಡಿದದ್ದು ಆಗಲೇ, ಇವತ್ತಿಗೂ ಬಿಟ್ಟಿಲ್ಲ. ಹೆರಿಗೆ ಸುಖವಾಗಿ ಆಯಿತು. ಬಾಣಂತನ ಮುಗಿಸಿ ಅವಳು ಬಂದ ದಿನ ಪೊರಕೆಯನ್ನು ಅವಳ ಕೈಗೆ ಕೊಟ್ಟು, ಸೋಮೇಶ್ವರನಿಗೆ ಅಲ್ಲಿಂದಲೇ ಕೈಮುಗಿದೆ.

ಆ ಕೆಲಸ ಬಿಟ್ಟು ಮನೆಯಲ್ಲೇ ಉಳಿದು ಎಷ್ಟೋ ಕಾಲವಾಯಿತು. ಸಂಘ ಎಂದರೇನು ಎಂದು ಸೊಸೆಯಂದಿರು ಕೇಳಿದರೆ ನನಗೆ ದೊಡ್ಡ ಮಾತು ಬರುವುದಿಲ್ಲ. ಪಕ್ಕದವಳಿಗೆ ಏಳಲಾಗದಿದ್ದಾಗ ನೀವೂ ಕೂತುಕೊಳ್ಳಿ, ಮಾರನೆಯ ದಿನ ಅವಳ ಪಾಲನ್ನೂ ಗುಡಿಸಿ, ಎನ್ನುತ್ತೇನೆ. ಮೊದಲನೆಯದಕ್ಕೆ ಧೈರ್ಯ ಬೇಕು, ಎರಡನೆಯದಕ್ಕೆ ಸೊಂಟ.