ಸಂಡೂರು ಕೇಸು

ಸುಮ್ಮನೆ ಕೂತು ಯೋಚಿಸುವುದು ನನ್ನ ಜಾಯಮಾನದಲ್ಲಿಲ್ಲ. ಕೈಯಲ್ಲಿ ಸ್ಪ್ಯಾನರ್ ಇಲ್ಲದಿದ್ದರೆ ಅಂಗೈ ತುರಿಸುತ್ತದೆ. ಕಂಪ್ಲಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಡುವ ಮೊದಲು ಸಂಡೂರಿನ ಗಣಿ ಲಾರಿಗಳ ಮೇಲೆ ಕೈ ಪಳಗಿಸಿಕೊಂಡವನು ನಾನು. ಹೊಸ ತೊಂದರೆ ಬಂದರೆ ಅದರಂಥ ಹಳೆಯದನ್ನು ನೆನಪಿಸಿಕೊಳ್ಳುವುದು, ಇಷ್ಟೇ ನನ್ನ ವಿದ್ಯೆ. ಒಂದೊಂದು ರಿಪೇರಿಗೂ ಊರಿನ ಹೆಸರಿಟ್ಟು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಬ್ಯಾಟರಿ ವೈರು ಸಡಿಲವಾದರೆ ಹೊಸಪೇಟೆ ಕೇಸು. ಕೆಂಪು ಧೂಳಿನಿಂದ ಏರ್ ಫಿಲ್ಟರ್ ಕಟ್ಟಿಕೊಂಡರೆ ಸಂಡೂರು ಕೇಸು.

ಆ ದಿನ ಫೋನು ಬಂದದ್ದು ಹತ್ತಿರದ ಮೆಟ್ರಿ ಹಳ್ಳಿಯಿಂದ. ತನ್ನ ಟ್ರ್ಯಾಕ್ಟರನ್ನು ತಾನೇ ಓಡಿಸುವ ಹೆಂಗಸು ಆಕೆ. ನಾನು ಅಕ್ಕಾರ ಎನ್ನುತ್ತೇನೆ. ಹೋಗಿ ನೋಡಿದರೆ ಟ್ರ್ಯಾಕ್ಟರ್ ಗದ್ದೆಯ ನಡುವೆ ನಿಂತಿತ್ತು. ಬೆಳಿಗ್ಗೆಯೇ ಕಿತ್ತ ಭತ್ತದ ಸಸಿಯ ಕಟ್ಟುಗಳು ಬದುವಿನ ಮೇಲೆ ಬಾಡುತ್ತಿದ್ದವು. ಕೆಸರು ಹದವಾಗದೆ ನಾಟಿ ಮಾಡುವಂತಿಲ್ಲ. ನಾಟಿಯ ಹೆಂಗಸರು ಸೀರೆ ಎತ್ತಿಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದರು.

"ಹತ್ತು ನಿಮಿಷ ಓಡತೈತ್ರಿ. ಆಮ್ಯಾಲೆ ಉಸಿರು ಕಟ್ಟಿದಂಗ ಆಗಿ..."

"ಸಂಡೂರು ಕೇಸು ಬಿಡ್ರಿ" ಎಂದೆ, ಅಕ್ಕಾರ ಮಾತು ಮುಗಿಯುವ ಮೊದಲೇ.

ಫಿಲ್ಟರ್ ಬಿಚ್ಚಿದೆ. ಕೆಸರುಗದ್ದೆಯಲ್ಲಿ ಎಲ್ಲಿಯ ಧೂಳು! ಆದರೂ ಕೊಡವಿ ಹಾಕಿದೆ. ಎಂಜಿನ್ ಶುರುವಾಯಿತು, ನಾನು ಬೀಗಿದೆ. ಹತ್ತು ನಿಮಿಷಕ್ಕೆ ಮತ್ತೆ ನಿಂತಿತು. ಡೀಸೆಲ್ ಫಿಲ್ಟರ್ ತೊಳೆದೆ, ಪೈಪು ಊದಿದೆ. ಪ್ರತಿ ಸಲವೂ ಶುರುವಾಗುವುದು, ನಿಲ್ಲುವುದು. ಬಿಸಿಲು ನೆತ್ತಿಗೇರಿತು. ಸಸಿಯ ತುದಿಗಳು ಸುರುಳಿ ಸುತ್ತಿದ್ದವು. ನನಗೆ ನನ್ನ ಮೇಲೆಯೇ ರೇಗಿಹೋಯಿತು, ಕೂಗಾಡಿದ್ದು ಮಾತ್ರ ಅಕ್ಕಾರ ಮೇಲೆ.

ಡೀಸೆಲ್ ಎಷ್ಟಿದೆಯೋ ನೋಡೋಣವೆಂದು ಕೊನೆಗೆ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಬುಸ್ಸೆಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳದ ಸಣ್ಣ ತೂತು ಮುಚ್ಚಿಹೋಗಿತ್ತು. ಗಾಳಿಯಾಡದೆ ಡೀಸೆಲ್ ಇಳಿಯುತ್ತಿರಲಿಲ್ಲ. ತೂತಿನ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ರಬ್ಬರ್ ಬ್ಯಾಂಡು, ಎರಡೆರಡು ಸುತ್ತು.

"ಇದನ್ನ ಯಾರು ಕಟ್ಟಿದ್ರು?" ಗದರಿದೆ.

"ನಾನಾ ರೀ. ಹ್ವಾದ ಮಳಿಗಾಲದಾಗ ಟ್ಯಾಂಕಿಗೆ ನೀರು ಹೊಕ್ಕಿತ್ತಲ್ರಿ, ಗಟ್ಟ್ಯಾಗಿ ಕಟ್ಟ್ರಿ ಅಂತ ನೀವಾ ಹೇಳಿದ್ರಿ. ಮೊನ್ನೆ ಸಡ್ಲ ಆಗಿತ್ತಂತ ಹೊಸಾದು ಬಿಗಿದೀನಿ."

ಹೌದು, ನಾನೇ ಹೇಳಿದ್ದೆ. ರಿಪೇರಿ ಆಯಿತೆಂದು ಬರೆದುಕೊಂಡವನು, ಆಮೇಲೆ ಅದು ಏನಾಯಿತೆಂದು ಒಂದು ಸಲವೂ ಹೋಗಿ ನೋಡಿರಲಿಲ್ಲ. ಪ್ಲಾಸ್ಟಿಕ್ ಕಿತ್ತೆಸೆದೆ. ಟ್ರ್ಯಾಕ್ಟರ್ ಮತ್ತೆ ನಿಲ್ಲಲಿಲ್ಲ. ಸಸಿ ಅರ್ಧ ಉಳಿಯಿತು, ಅರ್ಧವನ್ನು ದನಕ್ಕೆ ಹಾಕಿದರು.

ಹೊರಡುವಾಗ ಅಕ್ಕಾರು ಕೈ ತೊಳೆಯಲು ನೀರು ಹಾಕುತ್ತ ಕೇಳಿದರು: "ಮತ್ತ ಮಳಿ ಬಂದ್ರ ಏನ್ ಮಾಡ್ಲಿ ಹೇಳ್ರಿ, ನೀವು ಹೇಳಿದಂಗ ಮಾಡ್ತೀನಿ."

ಒದ್ದೆ ಕೈಯಲ್ಲೇ ನೋಟ್‌ಬುಕ್ ತೆಗೆದು ಬರೆದುಕೊಂಡೆ: ಮೆಟ್ರಿ ಕೇಸು, ಮಳೆ ಬಂದ ಮರುದಿನ ಹೋಗಿ ನೋಡುವುದು.